ಮಾವನವರ ಬದಿಯ ಕನ್ನಡಿ

ನಿನ್ನೆ ಪಿಸ್ಮೋ ಬೀಚಿನಿಂದ ಮರಳಿದಾಗಿನಿಂದ ನನ್ನ ಕುತ್ತಿಗೆ ಬಲಕ್ಕೆ ತಿರುಗಿದ್ದು ತಿರುಗಿದಂತೆಯೇ ಇದೆ. ಕಾರಣ ಒಂದು ಕನ್ನಡಿ.

ಟ್ರೇಲರ್ ಎಳೆಯುವವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಪಿಕಪ್ ಆರೂವರೆ ಅಡಿ ಅಗಲ; ಹಿಂದೆ ಕಟ್ಟಿಕೊಂಡ ಟ್ರೇಲರ್ ಮನೆ 8 ಅಡಿ. ಗಾಡಿಯ ಸ್ವಂತ ಕನ್ನಡಿಯಲ್ಲಿ ಕಾಣುವುದು ಟ್ರೇಲರಿನ ಬಿಳಿ ಗೋಡೆ. ಹಿಂದೆ 200 ಅಡಿ ರಸ್ತೆ ಕಾಣಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಹೊರಕ್ಕೆ ಎಳೆದುಕೊಳ್ಳುವಂಥ ದೊಡ್ಡ ಕನ್ನಡಿ ಹಾಕಿಸಿ ಎಂದು ಬಲ್ಲವರು ಹೇಳಿದ್ದರು. ಬೆಲೆ ಕೇಳಿದ ಮೇಲೆ, ಇರುವ ಕನ್ನಡಿಗೇ ರಬ್ಬರ್ ಪಟ್ಟಿಯಿಂದ ಬಿಗಿಯುವ ಅಗ್ಗದ ಜೋಡಿಯೊಂದನ್ನು ತಂದೆ.

ಗಾಡಿ ನಿಂತಿರುವಾಗ ಅದು ಬಂಗಾರದಂಥ ಕನ್ನಡಿ. 55 ಮೈಲಿ ವೇಗಕ್ಕೆ (ಟ್ರೇಲರ್ ಕಟ್ಟಿಕೊಂಡವರಿಗೆ ಇಲ್ಲಿ ಅಷ್ಟೇ ಮಿತಿ) ಸಲಿನಾಸ್ ಕಣಿವೆಯ ಗಾಳಿ ಸೇರಿದರೆ ಚಳಿಜ್ವರ ಬಂದಂತೆ ನಡುಗುತ್ತದೆ. ಆಮೇಲೆ ಮೆಲ್ಲನೆ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ತಗ್ಗಿಸಿ ನೆಲ ನೋಡುತ್ತದೆ.

ಇಷ್ಟನ್ನು ಸಹಿಸಬಹುದಿತ್ತು. ಆದರೆ ಬಲಗಡೆಯ ಸೀಟಿನಲ್ಲಿ ಅರಸೀಕೆರೆಯಿಂದ ಬಂದ ಮಾವನವರಿದ್ದರು. ಕನ್ನಡಿ ಬಾಗಿದ್ದೇ ತಡ, ಕಿಟಕಿ ಇಳಿಸಿ ಕೈ ಹೊರಗೆ ಹಾಕುವರು. ಒಳಗೆ ಬಿರುಗಾಳಿ, ಚಕ್ಕುಲಿ ಕಟ್ಟಿದ್ದ ಕಾಗದ ಹಿಂದೆ ಕೂತ ಹೆಂಡತಿಯ ಮುಖಕ್ಕೆ. ಕೂದಲೆಳೆಯಷ್ಟು ಆಚೆ, ಈಚೆ ತಿರುಗಿಸಿ, "ನೋಡಿ ಅಳಿಯಂದಿರೇ, ಈಗ ಎಲ್ಲವೂ ಕಾಣುತ್ತಿದೆ" ಎನ್ನುವರು.

ಕಾಣುತ್ತಿತ್ತು, ಅವರಿಗೆ. ನನಗೆ ಕಂಡದ್ದು ರಸ್ತೆಬದಿಯ ಲೆಟಿಸ್ ಹೊಲ.

"ಮಾವ, ಅದು ನನಗೆ ಕಾಣಬೇಕು."

"ನಾನು ಹೇಳುತ್ತೇನಲ್ಲ!"

ಹೇಳಿದರು ಕೂಡ. "ಕೆಂಪು ಕಾರು ಬರುತ್ತಿದೆ. ಹತ್ತಿರ ಬಂತು. ಅರೆ, ಒಳಗೊಂದು ನಾಯಿ ಕೂತಿದೆ."

"ನಾನೀಗ ಬಲಕ್ಕೆ ಹೋಗಬಹುದೇ?"

"ಆಗಲೇ ಹೋಗಬಹುದಿತ್ತು. ಈಗ ಲಾರಿ ಬಂತು."

ನಾವು ಇಳಿಯಬೇಕಿದ್ದ ಎಕ್ಸಿಟ್ ಹಿಂದೆ ಸರಿಯಿತು. ಕಂಡದ್ದಕ್ಕಿಂತ ವಸ್ತುಗಳು ಹತ್ತಿರವಿವೆ ಎಂದು ಪಿಕಪ್ಪಿನ ಕನ್ನಡಿಯ ಮೇಲೆ ಬರೆದದ್ದನ್ನು ಆಗ ಅವರು ಓದಿದರು. "ಇದನ್ನು ನಂಬುವುದಾದರೆ ಕನ್ನಡಿ ಏಕೆ? ಕನ್ನಡಿಯನ್ನು ನಂಬುವುದಾದರೆ ಈ ಬರಹ ಏಕೆ?" ಮುಂದಿನ ಎಕ್ಸಿಟ್ ಬರುವವರೆಗೂ ಇದೇ ವಿಚಾರಣೆ.

ರಾತ್ರಿ ಹೆಂಡತಿಯ ಬಳಿ ಸಿಟ್ಟು ತೋಡಿಕೊಂಡೆ. "ಊರಿನಲ್ಲಿ ಅಪ್ಪನ ಜಾಗ ಅದೇ ಅಲ್ಲವೇ?" ಎಂದಳು. ಹೌದು, ಅಲ್ಲಿ ಸ್ಟೀರಿಂಗ್ ಇರುವುದು ಬಲಕ್ಕೆ. ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದವರು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಕೀಲಿಕೈ ತೆಗೆದಿಟ್ಟವರು ನಾವೇ.

ಇಂದು ಬೆಳಿಗ್ಗೆ ಕನ್ನಡಿ ಕಳಚಲೆಂದು ಹೋದವನು ಸುಮ್ಮನೆ ಅವರ ಸೀಟಿನಲ್ಲಿ ಕೂತು ನೋಡಿದೆ. ಟ್ರೇಲರಿನ ಅಂಚು, ಹಿಂದಿನ ಚಕ್ರ, ನಮ್ಮ ಬೀದಿಯ ಕೊನೆಯ ಮನೆಯವರೆಗಿನ ರಸ್ತೆ, ಎಲ್ಲವೂ ಎಲ್ಲಿರಬೇಕೋ ಅಲ್ಲಿದ್ದವು. ನನ್ನ ಬದಿಯ ಕನ್ನಡಿಯನ್ನು ನಾನು ಒಮ್ಮೆಯೂ ಇಷ್ಟು ಚೆನ್ನಾಗಿ ಹೊಂದಿಸಿಲ್ಲ.

ಇಳಿದು ಪಟ್ಟಿಗೆ ಕೈ ಹಾಕಿದೆ. ಸೂಟ್‌ಕೇಸಿಗೆ ಕಟ್ಟಿ ತಂದಿದ್ದ ನೈಲಾನ್ ಹಗ್ಗವನ್ನು ಅದರ ಮೇಲೆ ನಾಲ್ಕು ಸುತ್ತು ಸುತ್ತಿ ಅದೆಂಥ ಗಂಟು ಹಾಕಿದ್ದಾರೋ, ಬಿಚ್ಚಲು ಬರುತ್ತಿಲ್ಲ.