ಗೂಡ್ಸ್ ಲಾರಿಯಲ್ಲಿ ಕೂತು ಹೋದವರು ಸತ್ತರೆ ವಿಮಾ ಕಂಪನಿ ದುಡ್ಡು ಕೊಡಬೇಕೇ? ಪರ-ವಿರೋಧ

2025ರ ಜನವರಿ 22. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಹಣ್ಣು-ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಕಣಿವೆಗೆ ಉರುಳಿತು. 10 ಜನ ತೀರಿಹೋದರು. ಲಾರಿಯಲ್ಲಿದ್ದವರು ಸಂತೆ ವ್ಯಾಪಾರಿಗಳು, ಸರಕಿನ ಜೊತೆಗೇ ಕೂತು ಹೊರಟವರು.

ಸುದ್ದಿ ಓದಿದ ನಾವು ಎಷ್ಟು ಜನ ಸತ್ತರು ಅಂತ ಕೇಳುತ್ತೇವೆ. ಇಂಥ ಕೇಸು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದಾಗ ಕೇಳುವ ಪ್ರಶ್ನೆ ಬೇರೆ. ಸಾಮಾನಿನ ಗಾಡಿಯಲ್ಲಿ ಇವರು ಯಾಕೆ ಕೂತಿದ್ದರು? ಲಕ್ಷಾಂತರ ರೂಪಾಯಿ ಈ ಒಂದು ಉತ್ತರದ ಮೇಲೆ ನಿಂತಿರುತ್ತದೆ. ನನ್ನ ಒಲವು ಕೆಳಗಿನ ಮೊದಲ ವಾದದ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡನೆಯದನ್ನು ಬರೆಯುವಾಗ ಅದು ಎರಡು ಸಲ ಅಲುಗಾಡಿತು.

ಪರ: ಮೊದಲು ಕೊಡಲಿ, ಆಮೇಲೆ ಜಗಳ ಆಡಲಿ

ಜನ ಲಾರಿ ಹತ್ತುವುದು ಶೋಕಿಗಲ್ಲ. ಸಂತೆಯಲ್ಲಿ ಜಾಗ ಹಿಡಿಯಬೇಕಾದರೆ ಹೊತ್ತು ಮೂಡುವ ಮೊದಲೇ ಅಲ್ಲಿರಬೇಕು. ಆ ಹೊತ್ತಿಗೆ ಬಸ್ಸಿಲ್ಲ. ಇದ್ದರೂ ನಾಲ್ಕು ಮೂಟೆ ಟೊಮೆಟೊ ನೋಡಿ ಕಂಡಕ್ಟರ್ ರೈಟ್ ಅಂದುಬಿಡುತ್ತಾನೆ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೊಯ್ಯಲು ಹೋಗುವ ಹೆಂಗಸರನ್ನು ಗೂಡ್ಸ್ ಗಾಡಿಗೆ ತುಂಬುವವರು ಮೇಸ್ತ್ರಿಗಳು. ಅವರ ಮುಂದೆ ಆಯ್ಕೆ ಅಂತ ಏನಿದೆ?

ಕಾನೂನು ಏನನ್ನುತ್ತದೆ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ 147ನೇ ಸೆಕ್ಷನ್‌ಗೆ 1994ರಲ್ಲಿ ತಿದ್ದುಪಡಿ ಬಂತು. ಸರಕಿನ ಮಾಲೀಕ ಅಥವಾ ಅವನ ಪರವಾಗಿ ಹೋಗುವವನು ಗಾಡಿಯಲ್ಲಿದ್ದರೆ ಅವನಿಗೂ ಥರ್ಡ್ ಪಾರ್ಟಿ ವಿಮೆ ಅನ್ವಯಿಸುತ್ತದೆ ಅಂತಾಯಿತು. ಒಳ್ಳೆಯದೇ. 1999ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಗೂಡ್ಸ್ ಗಾಡಿಯ ಯಾವ ಪ್ರಯಾಣಿಕ ಸತ್ತರೂ ಕಂಪನಿ ಕೊಡಬೇಕು ಅಂದಿತು. ಮೂರೇ ವರ್ಷದಲ್ಲಿ, ಆ ತೀರ್ಪು ತಪ್ಪು ಅಂತ ಅದೇ ಕೋರ್ಟಿನ ದೊಡ್ಡ ಪೀಠ ಹೇಳಿತು. ಸರಕಿನ ಮಾಲೀಕನನ್ನು ಬಿಟ್ಟು ಉಳಿದವರು ಬಿಟ್ಟಿ ಪ್ರಯಾಣಿಕರು, ಅವರ ಹೊಣೆ ಕಂಪನಿಯದ್ದಲ್ಲ. ಆಮೇಲೆ ಇನ್ನೊಂದು ತೀರ್ಪಿನಲ್ಲಿ, ಸರಕಿನ ಮಾಲೀಕನೂ ಕ್ಯಾಬಿನ್ನಿನಲ್ಲೇ ಕೂತಿರಬೇಕು ಅಂತಾಯಿತು. ಕ್ಯಾಬಿನ್ನಿನಲ್ಲಿ ಡ್ರೈವರ್, ಕ್ಲೀನರ್ ಕೂತ ಮೇಲೆ ಎಷ್ಟು ಜಾಗ ಉಳಿಯುತ್ತದೆ? ಹತ್ತು ಜನರ ಸರಕು ಒಂದೇ ಲಾರಿಯಲ್ಲಿದ್ದರೆ ಒಂಬತ್ತು ಜನ ಮೂಟೆಯ ಮೇಲೇ ಕೂರಬೇಕು, ಅಲ್ವಾ?

ಕೇಸು ಕೆಡುವುದು ಕೋರ್ಟಿನಲ್ಲಲ್ಲ, ಆಸ್ಪತ್ರೆಯ ಶವಾಗಾರದ ಮುಂದೆ. ಸತ್ತವನ ತಮ್ಮ ಅಲ್ಲಿ ನಿಂತಿರುತ್ತಾನೆ. ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಾರೆ. ‘ನಿಮ್ಮಣ್ಣ ಲಾರೀಲಿ ಎಲ್ಲಿಗೆ ಹೋಗ್ತಿದ್ದ?’ ‘ಕುಮಟಾಕ್ಕೆ ಹೋಗ್ತಿದ್ದ ಸಾರ್.’ ಅಷ್ಟೇ. ಮೂಟೆಯ ಮಾತೇ ಬರುವುದಿಲ್ಲ. ಆ ಹೊತ್ತಿನಲ್ಲಿ ಯಾರಿಗೆ ಮೂಟೆ ನೆನಪಾಗುತ್ತದೆ? ಆ ಸಾಲು ಎಫ್‌ಐಆರ್‌ಗೆ ಹೋಗುತ್ತದೆ. ವರ್ಷಗಳಾದ ಮೇಲೆ ಕಂಪನಿ ವಕೀಲರು ಸತ್ತವನ ಹೆಂಡತಿಯ ಮುಂದೆ ಅದನ್ನೇ ಎತ್ತಿ ಓದುತ್ತಾರೆ. ‘ಸರಕು ಇತ್ತು ಅಂತ ಅವತ್ತು ಯಾಕಮ್ಮ ಹೇಳಲಿಲ್ಲ? ಮಂಡಿ ಚೀಟಿ ಎಲ್ಲಿ?’ ಚೀಟಿ ಅವನ ಅಂಗಿ ಜೇಬಿನಲ್ಲಿತ್ತು. ಅಂಗಿ ಎಲ್ಲಿ ಹೋಯಿತೋ ಹೆಂಡತಿಗೆ ಗೊತ್ತಿಲ್ಲ.

ಕಂಪನಿ ತಪ್ಪಿಸಿಕೊಂಡರೆ ಹೊಣೆ ಲಾರಿ ಮಾಲೀಕನ ತಲೆಗೆ ಬೀಳುತ್ತದೆ. ಅವನಿಂದ ವಸೂಲಿ ಮಾಡಿಕೊಳ್ಳುವವಳು ಗಂಡನನ್ನು ಕಳೆದುಕೊಂಡವಳು! ಅವನ ಹೆಸರಿನಲ್ಲಿ ಏನಾದರೂ ಆಸ್ತಿ ಇದೆಯೋ ಇಲ್ಲವೋ ಹುಡುಕುವ ಕೆಲಸವೂ ಅವಳದೇ. ವಕೀಲರು, ಸಿಬ್ಬಂದಿ, ತಾಳ್ಮೆ ಎಲ್ಲಾ ಇರುವುದು ಕಂಪನಿಯ ಹತ್ತಿರ. ಅದಕ್ಕೇ ಸುಪ್ರೀಂ ಕೋರ್ಟ್ 2004ರಲ್ಲಿ ಒಂದು ದಾರಿ ತೋರಿಸಿತು: ಮೊದಲು ಕಂಪನಿ ಕೊಡಲಿ, ಆಮೇಲೆ ಬೇರೆ ದಾವೆ ಹಾಕದೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. 2017ರಲ್ಲಿ, 2019ರಲ್ಲಿ ಕೂಡ ಇಂಥದ್ದೇ ಆದೇಶ ಬಂತು. ಆದರೆ ಪ್ರತಿ ಸಲ ಇದು ನ್ಯಾಯಾಧೀಶರ ಮನಸ್ಸಿಗೆ ಬಿಟ್ಟ ಮಾತಾಗಿ ಉಳಿದಿದೆ. ಒಬ್ಬಳಿಗೆ ಸಿಗುತ್ತದೆ, ಪಕ್ಕದ ಊರಿನವಳಿಗೆ ಸಿಗುವುದಿಲ್ಲ. ಕಾಯ್ದೆಯಲ್ಲೇ ಬರೆದುಬಿಡಿ ಅನ್ನುವುದು ನಮ್ಮ ಕೇಳಿಕೆ.

ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಆಸ್ಪತ್ರೆ ಬಾಗಿಲಲ್ಲಿ ‘ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಅನ್ನುವವರ ಕೈಗೆ ಸಹಿ ಕೊಡುವ ಮುಂಚೆ ಇದು ಗೊತ್ತಿದ್ದರೆ ಒಳ್ಳೆಯದು.

ವಿರೋಧ: ಟಿಕೆಟ್ ಇಲ್ಲದ ಬಸ್ಸಿಗೆ ವಿಮೆ ಹೇಗೆ?

ಕರುಣೆ ಸರಿ, ಲೆಕ್ಕ ನೋಡೋಣ. 2022ರಲ್ಲಿ ಜಾರಿಗೆ ಬಂದ ದರದ ಪ್ರಕಾರ 12ರಿಂದ 20 ಟನ್ನಿನ ಬಾಡಿಗೆ ಲಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 35,313 ರೂಪಾಯಿ. ಮೇಲೆ ಎಷ್ಟು ಜನ ಕೂತಿರುತ್ತಾರೆ ಅನ್ನುವುದು ಆ ಲೆಕ್ಕದಲ್ಲೇ ಇಲ್ಲ. ಬಸ್ಸಿಗೆ ಹಾಗಲ್ಲ. ಅಲ್ಲಿ 14,343 ರೂಪಾಯಿಯ ಮೇಲೆ ಸೀಟಿಗೆ 877ರಂತೆ ಕಟ್ಟಬೇಕು. ಅಂದರೆ ಬಸ್ಸಿನ ಮಾಲೀಕ ಒಂದೊಂದು ಜೀವಕ್ಕೂ ದುಡ್ಡು ಕಟ್ಟಿದ್ದಾನೆ. ಲಾರಿಯವನು ಒಬ್ಬರಿಗೂ ಕಟ್ಟಿಲ್ಲ. ಇಬ್ಬರಿಗೂ ಒಂದೇ ರಕ್ಷಣೆ ಅಂದರೆ ಬಸ್ಸಿನವನು ಸುಮ್ನೆ ಯಾಕೆ ಜಾಸ್ತಿ ಕಟ್ಟಬೇಕು?

‘ಮೊದಲು ಕೊಡಿ, ಆಮೇಲೆ ವಸೂಲಿ ಮಾಡಿ’ ಕೇಳಲು ಚಂದ. ಮಾಲೀಕನ ಹತ್ತಿರ ಏನೂ ಇಲ್ಲದಿದ್ದರೆ ವಸೂಲಿ ಕಾಗದದಲ್ಲೇ ಉಳಿಯುತ್ತದೆ. ಆ ದುಡ್ಡು ಹೋಗುವುದು ಉಳಿದವರು ಕಟ್ಟಿದ ಪ್ರೀಮಿಯಂನಿಂದ. ವಸೂಲಿ ನಿಜವಾಗಿ ನಡೆದರೆ? ಒಂದೇ ಲಾರಿ, ಅದೂ ಸಾಲದ್ದು. ಹಿಂದೆ ಯಾರನ್ನು ಹತ್ತಿಸಿಕೊಂಡ ಅಂತ ಡ್ರೈವರ್ ಹೇಳಿಯೇ ಇರುವುದಿಲ್ಲ. ಊರಲ್ಲಿ ಮಲಗಿದ್ದವನ ಮನೆಗೆ ಜಪ್ತಿ ಬರುತ್ತದೆ. ಅವನ ಹೆಂಡತಿ-ಮಕ್ಕಳ ಪರವಾಗಿ ಪ್ರಬಂಧ ಬರೆಯುವವರು ಯಾರೂ ಇಲ್ಲ.

ಕಾಯ್ದೆ ಯಾರಿಗೂ ಬಾಗಿಲು ತೆರೆದಿಲ್ಲ ಅನ್ನುವುದೂ ನಿಜವಲ್ಲ. ರಸ್ತೆಯಲ್ಲಿ ಹೋಗುವವನಿಗೆ ಲಾರಿ ಗುದ್ದಿದರೆ ರಕ್ಷಣೆ ಇದೆ. ಲಾರಿ ಮಾಲೀಕನೇ ನೇಮಿಸಿದ ಲೋಡಿಂಗ್ ಕೂಲಿಗೆ ಇದೆ. ಸರಕಿನ ಮಾಲೀಕನಿಗೆ ಇದೆ. ತೊಂದರೆ ಏನೆಂದರೆ, ಮದುವೆ ದಿಬ್ಬಣದ ಲಾರಿ ಉರುಳಿದರೂ ಅರ್ಜಿಯಲ್ಲಿ ಎಲ್ಲರ ಕೈಯಲ್ಲೂ ಒಂದೊಂದು ಮೂಟೆ ಹುಟ್ಟುತ್ತದೆ. ಅಕ್ಕಿ, ಈರುಳ್ಳಿ, ಕೋಳಿ. ಇಂಥ ಅರ್ಜಿಗಳನ್ನು ನೋಡಿ ನೋಡಿ, ನಿಜವಾಗಿ ಮೂಟೆ ತಂದ ಸಂತೆಯವನ ಮೇಲೂ ಅನುಮಾನ. ಹೆಂಡತಿಗೆ ಚೀಟಿ ಕೇಳುವ ಆ ವಕೀಲರು ಕಲ್ಲುಹೃದಯದವರೇ ಆಗಿರಬೇಕಿಲ್ಲ, ಹಿಂದಿನ ಸುಳ್ಳುಗಳು ಅವರಿಗೆ ಹಾಗೆ ಕೇಳುವುದನ್ನು ಕಲಿಸಿವೆ.

ಇಷ್ಟಕ್ಕೂ ಇಂಥ ಲಾರಿ ರಾತ್ರಿಯೆಲ್ಲ ಓಡಿ ಬಂದಿರುತ್ತದೆ. ದಾರಿಯಲ್ಲಿ ಚೆಕ್‌ಪೋಸ್ಟು, ಟೋಲು, ಗಸ್ತಿನ ಜೀಪು. ಮೂಟೆಯ ಮೇಲೆ ಕಂಬಳಿ ಹೊದ್ದು ಕೂತ ಇಪ್ಪತ್ತು-ಇಪ್ಪತ್ತೈದು ಜನ ಯಾರ ಕಣ್ಣಿಗೂ ಬೀಳುವುದಿಲ್ಲವೇ? ಅಪಘಾತವಾದ ಮೇಲೆ ಕೋರ್ಟಿನಲ್ಲಿ ಪ್ರತಿವಾದಿಗಳ ಪಟ್ಟಿ ನೋಡಿ. ಡ್ರೈವರ್, ಮಾಲೀಕ, ವಿಮಾ ಕಂಪನಿ. ಆ ಗಾಡಿಯನ್ನು ಬಿಟ್ಟು ಕಳಿಸಿದವರ ಹೆಸರು ಅಲ್ಲಿ ಇರುವುದಿಲ್ಲ. ಸಂತೆಯ ದಿನ ಬೆಳಗಿನ ಜಾವ ಮೂಟೆ ಹಾಕಲು ಜಾಗವಿರುವ ಒಂದು ಬಸ್ಸು ಬಿಡದವರ ಹೆಸರೂ ಇಲ್ಲ. ದುಡ್ಡು ಕೇಳುವುದಾದರೆ ಅವರನ್ನು ನಾಲ್ಕನೇ ಪ್ರತಿವಾದಿ ಮಾಡಿ ಕೇಳಿ.