1974ರ ಆ ಬಾಂಬೆ ಪಂದ್ಯ ಫೈನಲ್ ಅಲ್ಲ

ಕ್ರಿಕೆಟಿಗರ ಜೀವನಕಥೆಗಳ ವಿಮರ್ಶೆಗಳಲ್ಲಿ ಒಂದು ಮಾತು ಓಡಾಡುತ್ತಿದೆ: 1974ರ ರಣಜಿ ಫೈನಲ್‌ನಲ್ಲಿ ಕರ್ನಾಟಕ ಬೆಂಗಳೂರಿನಲ್ಲೇ ಬಾಂಬೆಯನ್ನು ಸೋಲಿಸಿ ಮೊದಲ ಸಲ ಟ್ರೋಫಿ ಗೆದ್ದಿತಂತೆ. ಇದು ತಪ್ಪು. ಬೆಂಗಳೂರಿನಲ್ಲಿ ನಡೆದದ್ದು ಸೆಮಿಫೈನಲ್. ಫೈನಲ್ ನಡೆದದ್ದು ಜೈಪುರದಲ್ಲಿ, ರಾಜಸ್ಥಾನದ ವಿರುದ್ಧ.

ಗೊಂದಲ ಯಾಕೆ ಅಂತ ಅರ್ಥವಾಗುತ್ತದೆ. ಬಾಂಬೆ ಸತತ 15 ಸಲ ರಣಜಿ ಗೆದ್ದಿದ್ದ ತಂಡ, ಅಲ್ವಾ? ಆ ಸೆಮಿಫೈನಲ್ ಕೂಡ ಫೈನಲ್‌ನಷ್ಟೇ ರೋಚಕವಾಗಿತ್ತು. ಕರ್ನಾಟಕದ ವಿಶ್ವನಾಥ್ 162 ರನ್ ಹೊಡೆದರು, ಬ್ರಿಜೇಶ್ ಪಟೇಲ್ ಕೂಡ ಶತಕ ಬಾರಿಸಿದರು. ಆಮೇಲೆ ಕರ್ನಾಟಕದ ನಾಯಕ ಪ್ರಸನ್ನ, ಬಾಂಬೆಯ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದರು. ಬಾಂಬೆ ಪರ ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಕಾಲು ಜಾರಿ ರನೌಟ್ ಆದರು. ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ!

ಇನ್ನೊಂದು ವಿಷಯ. ಆ ಸೆಮಿಫೈನಲ್ ಡ್ರಾ ಆಗಿತ್ತು. ಕರ್ನಾಟಕ ಮುಂದೆ ಹೋಗಿದ್ದು ಮೊದಲ ಇನಿಂಗ್ಸ್ ಮುನ್ನಡೆಯಿಂದ, ಅಂದರೆ ಮೊದಲ ಇನಿಂಗ್ಸ್‌ನಲ್ಲಿ ಬಾಂಬೆಗಿಂತ ಹೆಚ್ಚು ರನ್ ಗಳಿಸಿದ್ದರಿಂದ. ವಿಮರ್ಶೆ ಬರೆಯುವವರು ಜೈಪುರದ ಗೆಲುವನ್ನೂ ದಯವಿಟ್ಟು ಸೇರಿಸಿ.