ಹೆಚ್ಚು ಟನ್ ಎಂದರೆ ಹೆಚ್ಚು ತಂಪಲ್ಲ: ಒಂದು ಸ್ಪಷ್ಟನೆ

ವಾಣಿಜ್ಯ ಕಟ್ಟಡಗಳಲ್ಲಿ ಅಗತ್ಯಕ್ಕಿಂತ ದೊಡ್ಡ ಸಾಮರ್ಥ್ಯದ ಹವಾನಿಯಂತ್ರಣ ಯಂತ್ರವನ್ನು ಕೂರಿಸಿದರೆ ತಂಪೂ ಹೆಚ್ಚು, ವಿದ್ಯುತ್ತೂ ಉಳಿತಾಯ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಟನ್ ಎಂಬುದು ಇಲ್ಲಿ ಯಂತ್ರದ ತೂಕವಲ್ಲ (ಹಾಗೆಂದು ನಂಬಿದವರೂ ಇದ್ದಾರೆ). ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಪ್ರಮಾಣದಲ್ಲಿ ಶಾಖವನ್ನು ಹೊರಹಾಕುವ ಸಾಮರ್ಥ್ಯ. ಸ್ಥಿರ ವೇಗದ ಕಂಪ್ರೆಸರ್ (ತಂಪುಕಾರಕ ಅನಿಲವನ್ನು ಒತ್ತಿ ಸುತ್ತಿಸುವ ಭಾಗ) ಇರುವ ಅತಿದೊಡ್ಡ ಯಂತ್ರವು ಕೆಲವೇ ನಿಮಿಷಗಳಲ್ಲಿ ನಿಗದಿತ ಉಷ್ಣತೆಯನ್ನು ಮುಟ್ಟಿ ನಿಂತುಬಿಡುತ್ತದೆ. ಯಂತ್ರದೊಳಗಿನ ತಣ್ಣನೆಯ ಕಾಯಿಲ್ (ಕೊಳವೆ ಸುರುಳಿ) ಮೇಲೆ ಕಟ್ಟಿದ ಹನಿಗಳು ಟ್ರೇಗೆ ಇಳಿಯುವ ಮೊದಲೇ ಹೀಗಾಗುವುದರಿಂದ, ಫ್ಯಾನ್ ತಿರುಗುತ್ತಲೇ ಇದ್ದರೆ ಆ ತೇವ ಮರಳಿ ಕೋಣೆಗೇ ಸೇರುತ್ತದೆ. ಗೋಡೆಯ ಮೇಲಿನ ಥರ್ಮೋಸ್ಟಾಟ್ 24 ಡಿಗ್ರಿ ತೋರಿಸುತ್ತಿದ್ದರೂ ಒಳಗಿದ್ದವರಿಗೆ ಮೈಯೆಲ್ಲ ಜಿಗುಟೆನಿಸುವುದು ಇದರಿಂದಲೇ. ಪದೇಪದೇ ಚಾಲೂ ಆಗಿ ನಿಲ್ಲುವ ಕಂಪ್ರೆಸರ್ ಬೇಗ ಸವೆಯುತ್ತದೆ. ಅಗತ್ಯಕ್ಕೆ ತಕ್ಕಂತೆ ಕಂಪ್ರೆಸರ್ ವೇಗವನ್ನು ಬದಲಿಸುವ ಇನ್ವರ್ಟರ್ ಯಂತ್ರಗಳಲ್ಲಿ ಈ ತೊಂದರೆ ಕಡಿಮೆಯಾದರೂ ಅವುಗಳ ವೇಗ ತಗ್ಗುವುದಕ್ಕೂ ಒಂದು ಮಿತಿಯಿದೆ.

ನೆಲದ ವಿಸ್ತೀರ್ಣವೊಂದನ್ನೇ ಹಿಡಿದು ಟನ್ ಲೆಕ್ಕ ಹಾಕುವುದೂ ಸಾಲದು. ಗಾಜಿನ ಕಿಟಕಿಗಳ ದಿಕ್ಕು, ಒಳಗಿರುವವರ ಸಂಖ್ಯೆ, ದೀಪ ಮತ್ತು ಕಂಪ್ಯೂಟರ್‌ಗಳ ಶಾಖ, ಒಳತರುವ ತಾಜಾ ಗಾಳಿಯ ಪ್ರಮಾಣ ಇವೆಲ್ಲವೂ ಲೆಕ್ಕಕ್ಕೆ ಸೇರಬೇಕು. ಅದೇ ಯಂತ್ರ ಚಳಿಗಾಲದಲ್ಲಿ ಬಿಸಿಯನ್ನೂ ಕೊಡಬೇಕಿದ್ದರೆ ಲೆಕ್ಕವನ್ನು ಪ್ರತ್ಯೇಕವಾಗಿಯೇ ಮಾಡಬೇಕು. ಏಕೆಂದರೆ ಬೇಸಿಗೆಯಲ್ಲಿ ಹೊರೆಯಾಗುವ ಜನರ ಮೈಶಾಖವೇ ಆಗ ನೆರವಾಗಿರುತ್ತದೆ.